ಅಕ್ಕನೋ ತಮ್ಮನೋ ಜೊತೆಗಿರಲಿ: ಹಾಡಿನ ನಾಟಕ ಮತ್ತು ಎರಡು ಕಂತಿನ ಊಟ

ಹಾಡು ತುಂಬಿದ ಒಂದು ಕನ್ನಡ ನಾಟಕ, ಹೊಟ್ಟೆ ತುಂಬ ಊಟ, ಜೊತೆಗೆ ಒಡಹುಟ್ಟಿದವರು. ಕೇಳೋಕೆ ಸುಲಭ ಅನ್ನಿಸುತ್ತದೆ. ಆದರೆ ಬೆಂಗಳೂರಿನಲ್ಲಿ ಗಡಿಯಾರ ಅಡ್ಡ ಬರುತ್ತದೆ. ನಾಟಕ ಶುರುವಾಗುವುದು ಸಂಜೆ 7.30ಕ್ಕೆ, ಮುಗಿಯುವುದು 9.30ರ ಆಸುಪಾಸು. ನೀವು ಆಸೆಪಟ್ಟು ಹೋಗಬೇಕು ಅಂದುಕೊಂಡ ಹಳೇ ಹೋಟೆಲುಗಳಲ್ಲಿ ಅಷ್ಟು ಹೊತ್ತಿಗೆ ಕುರ್ಚಿಗಳು ಟೇಬಲ್ ಮೇಲೆ ಏರಿ ಕೂತಿರುತ್ತವೆ. ಮೊದಲೇ ಊಟ ಮುಗಿಸೋಣ ಅಂದರೆ 6 ಗಂಟೆಗೆ ಯಾರಿಗೆ ಹಸಿವು? ಹಸಿವಿಲ್ಲದಿದ್ದರೂ ತಿಂದು ಬಂದವರು ಎರಡನೇ ಹಾಡಿಗೆ ತೂಕಡಿಸುತ್ತಾರೆ.

ಹಾಗಾಗಿ ನನ್ನ ಲೆಕ್ಕ ಇಷ್ಟೇ. ನಾಟಕದ ಹೊತ್ತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಊಟವನ್ನು ಎರಡು ಕಂತು ಮಾಡಿ, ಅದರ ಹಿಂದೊಂದು ಮುಂದೊಂದು ಇಡಿ.

ಹೆಜ್ಜೆ 1: ಇಬ್ಬರೇ ಹೋಗುವುದು ಅಂತ ಮೊದಲು ಒಪ್ಪಿಸಿ

ಟಿಕೆಟ್ ಸಿಗುವುದಕ್ಕಿಂತ ಇದೇ ಕಷ್ಟ. ನಮ್ಮಕ್ಕನಿಗೆ ನಾಟಕ ಅಂದ ತಕ್ಷಣ ಬಂದ ಉತ್ತರ, "ಮಕ್ಕಳನ್ನೂ ಕರ್ಕೊಂಡು ಹೋಗೋಣ ಕಣೋ, ಅತ್ತೆನೂ ಪಾಪ ಎಲ್ಲೂ ಹೋಗಲ್ಲ." ಹೀಗೆ ಒಂದೊಂದೇ ಹೆಸರು ಸೇರಿ ಕಡೆಗೆ ಟೆಂಪೋ ಟ್ರಾವೆಲರ್ ಬೇಕಾಗುತ್ತದೆ. ಎಲ್ಲರ ಜೊತೆ ಹೋಗುವ ನಾಟಕ ಬೇರೆ, ಅದಕ್ಕೆ ಇನ್ನೊಂದು ದಿನ ಇಟ್ಟುಕೊಳ್ಳಿ. ಈ ಸಂಜೆಯ ಗಮ್ಮತ್ತು ಇರುವುದೇ ಅಮ್ಮ, ಅತ್ತೆ, ಭಾವ, ಅತ್ತಿಗೆ ಯಾರೂ ಇಲ್ಲದಾಗ ಇಬ್ಬರೂ ಆಡುವ ಮಾತಿನಲ್ಲಿ.

ಒಪ್ಪಿಸಲು ನಾನು ಕಂಡುಕೊಂಡ ದಾರಿ: "ಯಾವತ್ತಾದರೂ ಹೋಗೋಣ" ಅನ್ನಬೇಡಿ. "ಬರೋ ಶನಿವಾರ ಏಳೂವರೆಗೆ, ಟಿಕೆಟ್ ತೊಗೊಂಡಾಯ್ತು" ಅನ್ನಿ. ಎರಡೇ ಟಿಕೆಟ್ ಇದೆ ಅಂದ ಮೇಲೆ ಮೂರನೆಯವರ ಮಾತು ಏಳುವುದಿಲ್ಲ. ಮಕ್ಕಳಿರುವ ಅಕ್ಕ ತಂಗಿಯರಾದರೆ ಭಾವನಿಗೆ ನೀವೇ ಫೋನ್ ಮಾಡಿ, ಅವಳ ಮೇಲೆ ಬಿಡಬೇಡಿ. ರಾತ್ರಿ ಮಕ್ಕಳ ಊಟ ಯಾರದು, ಹೋಂವರ್ಕ್ ಯಾರದು ಅನ್ನುವುದು ಹಿಂದಿನ ದಿನವೇ ಇತ್ಯರ್ಥ ಆಗಿರಲಿ. ಇಲ್ಲದಿದ್ದರೆ ರಂಗಮಂದಿರದ ಮೆಟ್ಟಿಲ ಮೇಲೆ ನಿಂತು "ಕುಕ್ಕರ್ ಮೂರು ಸೀಟಿ ಸಾಕು ರೀ, ಬೇಳೆ ನೆನೆಸಿಟ್ಟಿದ್ದೀನಿ" ಅಂತ ಅವಳು ವಿವರಿಸುತ್ತಾ ಇರುತ್ತಾಳೆ, ಒಳಗೆ ಗಂಟೆ ಹೊಡೆದಿರುತ್ತದೆ.

ಹೆಜ್ಜೆ 2: ನಾಟಕ ಆರಿಸುವುದು

ನಾಟಕಕ್ಕೆ ಆಗಾಗ ಹೋಗುವವರಿಗೆ ಯಾವುದಾದರೂ ಆದೀತು. ವರ್ಷಗಟ್ಟಲೆ ರಂಗಮಂದಿರದ ಕಡೆ ತಲೆ ಹಾಕದವರನ್ನು ಕರೆದೊಯ್ಯುವಾಗ ಮಾತ್ರ ಹಾಡು ಇರುವ ನಾಟಕವೇ ಆಗಬೇಕು. ಮಾತು ಒಂದು ಕ್ಷಣ ತಪ್ಪಿಹೋದರೂ ಹಾಡು ಅವರನ್ನು ಹಿಡಿದಿಟ್ಟುಕೊಳ್ಳುತ್ತದೆ.

ಕನ್ನಡಕ್ಕೆ ಇದು ಹೊಸದೇನಲ್ಲ. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯ ಕಾಲದಲ್ಲಿ ನಾಟಕ ಅಂದರೇ ಹಾಡು. ಜನ "ಒನ್ಸ್ ಮೋರ್" ಅಂದರೆ ನಟ ಅದೇ ಹಾಡನ್ನು ಮತ್ತೆ ಹಾಡಲೇಬೇಕು. ಸತ್ತು ಬಿದ್ದ ಪಾತ್ರವೂ ಎದ್ದು ಹಾಡಿ, ಮತ್ತೆ ಮಲಗಿ ಸತ್ತ ಕಥೆಗಳನ್ನು ಹಿರಿಯರು ಇವತ್ತಿಗೂ ನಗುತ್ತಾ ಹೇಳುತ್ತಾರೆ. ಹುಡುಗನಾಗಿದ್ದಾಗ ಮನೆ ಬಿಟ್ಟು ಅದೇ ಕಂಪನಿ ಸೇರಿದ ಬಿ.ವಿ. ಕಾರಂತರು ಮುಂದೆ ಆಧುನಿಕ ನಾಟಕಕ್ಕೆ ಸಂಗೀತವನ್ನು ವಾಪಸ್ ತಂದರು. ಗುಬ್ಬಿ ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರು ಜನಪದ ಮಟ್ಟುಗಳನ್ನು ರಂಗದ ಮೇಲೆ ಹಾಡಿ ಕುಣಿಸಿದರು. ಅವರು ನಿರ್ದೇಶಿಸಿದ 'ಲಕ್ಷಾಪತಿ ರಾಜನ ಕಥೆ', ಕಾರಂತರು ನಿರ್ದೇಶಿಸಿದ ಪು.ತಿ.ನ. ಅವರ 'ಗೋಕುಲ ನಿರ್ಗಮನ', ಚಂದ್ರಶೇಖರ ಕಂಬಾರರ 'ಜೋಕುಮಾರಸ್ವಾಮಿ' ಇವೆಲ್ಲ ಹಾಡಿನ ಮೇಲೇ ನಿಂತ ನಾಟಕಗಳು. ಬೇರೆ ಬೇರೆ ತಂಡಗಳು ಇಂಥವನ್ನು ಆಗಾಗ ಆಡುತ್ತವೆ. ಹೆಸರು ಕಂಡರೆ ಬಿಡಬೇಡಿ.

'ಜೋಕುಮಾರಸ್ವಾಮಿ' ಬಗ್ಗೆ ಒಂದು ಮಾತು. ಮಕ್ಕಳಿಲ್ಲದ ಗೌಡತಿ, ಪಡವಲಕಾಯಿ, ಬಸಣ್ಣ, ಇವರ ಸುತ್ತ ನಡೆಯುವ ದೊಡ್ಡವರ ಕಥೆ ಅದು. ಮಾತೂ ಸಲೀಸಾಗಿ ಮೈಬಿಟ್ಟಿದೆ. ಅಪ್ಪನ ಪಕ್ಕ ಕೂತು ನೋಡಿದರೆ ಛಾವಣಿ ನೋಡುತ್ತಾ ಕೂರಬೇಕಾಗುತ್ತದೆ. ಅಕ್ಕ ತಮ್ಮಂದಿರು ಹೋದರೆ ಅಂಥ ಮುಜುಗರ ಇಲ್ಲ, ಹೆಚ್ಚೆಂದರೆ ಮೊಣಕೈ ತಿವಿತ ಬೀಳುತ್ತದೆ. ಇನ್ನು ಕಂಬಾರರದು ಬೆಳಗಾವಿ ಕಡೆಯ ಮಾತು. ಮೈಸೂರು ಕಡೆಯ ಕಿವಿಗೆ ಹೊಂದಿಕೊಳ್ಳಲು ಮೊದಲ ಹತ್ತು ನಿಮಿಷ ಬೇಕು, ಆಮೇಲೆ ಸಲೀಸು.

ನಾನು ಟಿಕೆಟ್ ತೆಗೆಯುವ ಮುಂಚೆ ನೋಡುವುದು ಒಂದೇ: ಸಂಗೀತ ಎದುರಿಗೇ ನುಡಿಸುತ್ತಾರೋ, ಧ್ವನಿಮುದ್ರಣ ಹಾಕುತ್ತಾರೋ? ಪೋಸ್ಟರ್‌ನಲ್ಲಿ ಹಾರ್ಮೋನಿಯಂ, ತಬಲಾ, ಡೋಲಕ್, ಮೇಳ ಅಂತ ಬೇರೆ ಬೇರೆ ಹೆಸರುಗಳಿದ್ದರೆ ಎದುರಿಗೇ ನುಡಿಸುತ್ತಾರೆ ಅಂತ ಅರ್ಥ. ಬರೀ "ಸಂಗೀತ" ಅಂತ ಒಂದು ಹೆಸರಿದ್ದರೆ ತಂಡದವರ ನಂಬರ್‌ಗೆ ಫೋನ್ ಮಾಡಿ ಕೇಳಿಬಿಡಿ, ಖುಷಿಯಿಂದ ಹೇಳುತ್ತಾರೆ. ಎರಡಕ್ಕೂ ಇರುವ ವ್ಯತ್ಯಾಸ ಕೂತು ನೋಡಿದರೆ ಗೊತ್ತಾಗುತ್ತದೆ. ನಟನಿಗೆ ಉಸಿರು ಸಾಲದೆ ಸಾಲು ಎಳೆದಾಗ ಹಾರ್ಮೋನಿಯಂನವರು ಅವನ ಮುಖವನ್ನೇ ನೋಡುತ್ತಾ, ಬಲಗೈಯಲ್ಲಿ ಅದೇ ಸ್ವರ ಹಿಡಿದುಕೊಂಡು, ಎಡಗೈಯಲ್ಲಿ ಮೆಲ್ಲಗೆ ತಿದಿ ಒತ್ತುತ್ತಾ ಕಾಯುತ್ತಾರೆ. ಅವನು ಮುಂದಿನ ಸಾಲಿಗೆ ಕಾಲಿಟ್ಟ ಕೂಡಲೇ ಡೋಲಕ್ ಬಂದು ಸೇರಿಕೊಳ್ಳುತ್ತದೆ. ಧ್ವನಿಮುದ್ರಣ ಯಾರಿಗೂ ಹೀಗೆ ಕಾಯುವುದಿಲ್ಲ.

ಇಂಗ್ಲಿಷ್ ಮ್ಯೂಸಿಕಲ್ ಬೇಕು ಅನ್ನುವ ತಂಗಿ ಇದ್ದರೆ ಮಲ್ಲೇಶ್ವರದ ಬಳಿಯ ಚೌಡಯ್ಯ ಸ್ಮಾರಕ ಭವನದ ಕಾರ್ಯಕ್ರಮ ಪಟ್ಟಿ ನೋಡಿ. ಪಿಟೀಲಿನ ಆಕಾರದ ಆ ಕಟ್ಟಡದಲ್ಲಿ ದೊಡ್ಡ ತಂಡಗಳ ಪ್ರದರ್ಶನ ಬರುತ್ತಿರುತ್ತವೆ. ಟಿಕೆಟ್ ದುಬಾರಿ ಇರುತ್ತದೆ, ಅಷ್ಟೇ.

ಹೆಜ್ಜೆ 3: ಜಾಗ ಮತ್ತು ವಾರ

ಎರಡು ಜಾಗಗಳ ಸ್ವಭಾವ ತಿಳಿದುಕೊಂಡರೆ ಅರ್ಧ ಕೆಲಸ ಮುಗಿಯಿತು.

ಜೆ.ಪಿ. ನಗರ 2ನೇ ಹಂತದ ರಂಗಶಂಕರ. ಶಂಕರ್‌ನಾಗ್ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿದ್ದು, 2004ರಲ್ಲಿ ಶುರುವಾಯಿತು. ಇಲ್ಲಿ 7.30 ಅಂದರೆ 7.30. ಬಾಗಿಲು ಹಾಕಿದ ಮೇಲೆ ಯಾರೇ ಬರಲಿ, ಒಳಗೆ ಬಿಡುವುದಿಲ್ಲ. "ಸಿಲ್ಕ್ ಬೋರ್ಡ್ ಟ್ರಾಫಿಕ್ಕು ಸರ್" ಅಂತ ಗೋಗರೆದವರನ್ನೂ ನಗುಮುಖದಿಂದಲೇ ವಾಪಸ್ ಕಳಿಸುತ್ತಾರೆ. ಸೋಮವಾರ ರಜಾ. ಸುಮಾರು 300 ಜನ ಕೂರುವ ಚಿಕ್ಕ ರಂಗಮಂದಿರ. ವೇದಿಕೆ ಜನರ ನಡುವೆ ಚಾಚಿಕೊಂಡಿದೆ. ಮುಂದಿನ ಸಾಲಿನಲ್ಲಿ ಕೂತರೆ ನಟರ ಗೆಜ್ಜೆಯ ಧೂಳು ನಿಮ್ಮ ಚಪ್ಪಲಿ ಮೇಲೆ ಬೀಳುತ್ತದೆ.

ಇನ್ನೊಂದು ಜೆ.ಸಿ. ರಸ್ತೆಯ ರವೀಂದ್ರ ಕಲಾಕ್ಷೇತ್ರ. ಟಾಗೋರರ ಜನ್ಮಶತಾಬ್ದಿಯ ನೆನಪಿಗೆ ಕಟ್ಟಿದ ದೊಡ್ಡ ಸಭಾಂಗಣ, ಹಿಂದೆ ಸಂಸ ಬಯಲು ರಂಗಮಂದಿರ. ಇಲ್ಲಿನ ಗಡಿಯಾರವೇ ಬೇರೆ. ನಾಟಕಕ್ಕೆ ಮುಂಚೆ ಸಭಾ ಕಾರ್ಯಕ್ರಮ ಇದ್ದರೆ ಸ್ವಾಗತ, ಪ್ರಾಸ್ತಾವಿಕ, ಶಾಲು, ಹಾರ, ಪೇಟ, "ಎರಡೇ ಮಾತಿನಲ್ಲಿ ಮುಗಿಸುತ್ತೇನೆ" ಎಲ್ಲ ಮುಗಿಯಬೇಕು. ಆಹ್ವಾನ ಪತ್ರಿಕೆಯಲ್ಲಿ ಅತಿಥಿಗಳ ಫೋಟೋ ಎಷ್ಟಿದೆ ಎಣಿಸಿ. ನಾಲ್ಕಕ್ಕಿಂತ ಜಾಸ್ತಿ ಇದ್ದರೆ ಪರದೆ ಏಳುವುದು ತಡ ಅಂತ ಲೆಕ್ಕ ಹಾಕಿ. ಇಂಥ ಕಡೆ ಹೊಟ್ಟೆ ಖಾಲಿ ಇಟ್ಟುಕೊಂಡು ಹೋಗಬಾರದು.

ಹನುಮಂತನಗರದ ಕೆ.ಎಚ್. ಕಲಾಸೌಧವೂ ಒಳ್ಳೆಯದು. ಚಿಕ್ಕದು, ಮನೆ ಹತ್ತಿರದ್ದು ಅನ್ನಿಸುತ್ತದೆ, ಬಸವನಗುಡಿಯ ತಿಂಡಿಗೂ ಹತ್ತಿರ. ಮೈಸೂರಿನವರಿಗೆ ಇಷ್ಟೆಲ್ಲ ತಲೆನೋವಿಲ್ಲ. ರಂಗಾಯಣದ ವಾರಾಂತ್ಯದ ನಾಟಕ ಬೇಗ ಶುರುವಾಗಿ ಬೇಗ ಮುಗಿಯುತ್ತದೆ, ಊಟಕ್ಕೆ ಧಾರಾಳ ಹೊತ್ತು ಉಳಿಯುತ್ತದೆ.

ಶನಿವಾರ ನನ್ನ ಆಯ್ಕೆ. ಭಾನುವಾರ ರಾತ್ರಿ ಎಲ್ಲರ ತಲೆಯಲ್ಲೂ ಸೋಮವಾರ ಕೂತಿರುತ್ತದೆ. ರಾತ್ರಿ ಬೇಗ ಮನೆ ಸೇರಲೇಬೇಕು ಅನ್ನುವವರಿದ್ದರೆ ರಂಗಶಂಕರದಲ್ಲಿ ಭಾನುವಾರ ಮಧ್ಯಾಹ್ನ 3.30ರ ಆಟವೂ ಇರುವುದುಂಟು. ಅದನ್ನು ನೋಡಿ ಬಂದರೆ ಊಟವನ್ನು ಕಂತು ಮಾಡುವ ಅಗತ್ಯವೇ ಇಲ್ಲ.

ಹೆಜ್ಜೆ 4: ಟಿಕೆಟ್

ಆನ್‌ಲೈನ್‌ನಲ್ಲಿ ಬುಕ್‌ಮೈಶೋದಲ್ಲಿ ಸಿಗುತ್ತದೆ. ಕಲಾಕ್ಷೇತ್ರದ ಎಷ್ಟೋ ನಾಟಕಗಳಿಗೆ ಬಾಗಿಲಲ್ಲೇ ಕೊಡುತ್ತಾರೆ. ಕನ್ನಡ ನಾಟಕದ ಟಿಕೆಟ್ ಮಲ್ಟಿಪ್ಲೆಕ್ಸ್‌ನಲ್ಲಿ ಸಿನಿಮಾ ನೋಡಿ ಪಾಪ್‌ಕಾರ್ನ್ ತಿಂದದ್ದಕ್ಕಿಂತ ಕಡಿಮೆಯೇ ಬೀಳುತ್ತದೆ. ಸೀಟ್ ನಂಬರ್ ಇಲ್ಲದ ಟಿಕೆಟ್ ಆದರೆ ಅರ್ಧ ಗಂಟೆ ಮುಂಚೆ ಸಾಲಿನಲ್ಲಿರಿ. ಹಾಡಿನ ನಾಟಕಕ್ಕೆ ಮೇಳ ಕೂರುವ ಬದಿ ನೋಡಿಕೊಂಡು ಅದರ ಎದುರು ಬದಿಯಲ್ಲಿ ಕೂರಿ. ನುಡಿಸುವವರ ಕೈಯೂ ಕಾಣುತ್ತದೆ, ಡೋಲಕ್ ಕಿವಿಗೆ ಬಡಿಯುವುದೂ ಇಲ್ಲ.

ಹೆಜ್ಜೆ 5: ಮೊದಲ ಕಂತು, ಆರು ಗಂಟೆ ತಿಂಡಿ

ಇದನ್ನು ಊಟ ಅಂದುಕೊಳ್ಳಬೇಡಿ. ಒಂದು ತಿಂಡಿ, ಒಂದು ಕಾಫಿ, ಏಳುವುದು.

ಕಲಾಕ್ಷೇತ್ರಕ್ಕೆ ಹೋಗುವವರಿಗೆ ಲಾಲ್‌ಬಾಗ್ ರಸ್ತೆಯ ಎಂಟಿಆರ್ ಹತ್ತಿರದಲ್ಲಿದೆ. 1924ರ ಹೋಟೆಲು. ಎರಡನೇ ಮಹಾಯುದ್ಧದಲ್ಲಿ ಅಕ್ಕಿಗೆ ತತ್ವಾರ ಬಂದಾಗ ರವೆ ಇಡ್ಲಿ ಮಾಡಿದ್ದು ಇವರೇ. ಅದನ್ನೇ ತಿನ್ನಿ. ಗೋಡಂಬಿ ಮೇಲೆ ಕೂತ ಬಿಸಿ ಇಡ್ಲಿ, ಪಕ್ಕದಲ್ಲಿ ಆಲೂಗೆಡ್ಡೆ ಸಾಗು, ಮೇಲೆ ತುಪ್ಪ. ಇಬ್ಬರಿಗೂ ಒಂದೊಂದು ಸಾಕು. ಅಲ್ಲಿನ ಪೂರ್ತಿ ಊಟದ ಆಸೆ ಇದ್ದರೆ ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಅದು ಒಂದಾದ ಮೇಲೊಂದು ಬರುವ ಊಟ, ಅವಸರ ಮಾಡಿದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ವಾರಾಂತ್ಯ ಕಾಯುವ ಜನ ಜಾಸ್ತಿ, ಹಾಗಾಗಿ 5.15ಕ್ಕೇ ಹೆಸರು ಬರೆಸಿ. ಸೋಮವಾರ ರಜಾ ಅನ್ನುವುದು ನೆನಪಿರಲಿ.

ಕಲಾಸೌಧಕ್ಕಾದರೆ ಗಾಂಧಿಬಜಾರಿನ ವಿದ್ಯಾರ್ಥಿ ಭವನ, 1943ರದ್ದು. ದೋಸೆ ದಪ್ಪ, ಅಂಚು ಗರಿಗರಿ. ಸಾಲು ಹಿಡಿದ ತಟ್ಟೆಗಳನ್ನು ಒಂದೇ ತೋಳಿನ ಮೇಲೆ ಜೋಡಿಸಿಕೊಂಡು ಬರುವವರನ್ನು ನೋಡುವುದೇ ಒಂದು ಆಟ. ಶುಕ್ರವಾರ ರಜಾ. ಚೌಡಯ್ಯ ಭವನಕ್ಕೆ ಹೋಗುವವರಿಗೆ ಮಲ್ಲೇಶ್ವರದ ಸಿಟಿಆರ್ ಹೋಟೆಲಿನ ಬೆಣ್ಣೆ ಮಸಾಲೆ ದೋಸೆ ಇದೆ. ಆದರೆ ಬಾಗಿಲಲ್ಲಿ ನಿಂತ ಗುಂಪು ನೋಡಿ ಹೊತ್ತು ಸಾಲದು ಅನ್ನಿಸಿದರೆ ಹಟ ಹಿಡಿಯಬೇಡಿ.

ರಂಗಶಂಕರಕ್ಕೆ ಹೋಗುವವರು ಹೊರಗೆ ಎಲ್ಲೂ ನಿಲ್ಲದೇ ಇರುವುದೇ ಜಾಣತನ. ಬಾಗಿಲು ಮುಚ್ಚುವ ಭಯ ಇಟ್ಟುಕೊಂಡು ತಿಂದ ದೋಸೆಗೆ ರುಚಿ ಇಲ್ಲ. ಅಲ್ಲೇ ಕೆಫೆ ಇದೆ, ಸಾಬಕ್ಕಿ ವಡೆಗೆ ಹೆಸರುವಾಸಿ. 6.30ಕ್ಕೆ ತಲುಪಿ, ಒಂದು ತಟ್ಟೆ ವಡೆ ಹಂಚಿಕೊಂಡು, ಚಹಾ ಕುಡಿದು, ಗೋಡೆ ಮೇಲಿನ ಪೋಸ್ಟರ್ ನೋಡುತ್ತಾ ಹರಟೆ ಹೊಡೆಯಿರಿ. ಸಂಜೆ ಶುರುವಾಯಿತು ಅಂತ ಅಕ್ಕನಿಗೆ ಅನ್ನಿಸುವುದು ಇಲ್ಲೇ.

ಹೆಜ್ಜೆ 6: ಒಳಗೆ

ಫೋನ್ ಸೈಲೆಂಟ್ ಸಾಲದು, ಆಫ್ ಮಾಡಿ. ಕತ್ತಲಲ್ಲಿ ವಾಟ್ಸಾಪ್ ನೋಡಿದರೆ ಹಿಂದಿನ ಮೂರು ಸಾಲಿಗೆ ಬೆಳಕು ಬಡಿಯುತ್ತದೆ. ಅಕ್ಕ ಫೋನ್ ಆಫ್ ಮಾಡಲು ಹಿಂಜರಿದರೆ ಮನೆಯವರಿಗೆ ಮೊದಲೇ ಹೇಳಿ: 9.30ರ ತನಕ ಸಿಗಲ್ಲ, ಆಮೇಲೆ ನಾವೇ ಮಾಡ್ತೀವಿ. ಫೋಟೋ, ವಿಡಿಯೋ ಬೇಡ. ಎಸಿ ಜೋರಾಗಿರಬಹುದು, ಒಂದು ಶಾಲು ಬ್ಯಾಗಿನಲ್ಲಿರಲಿ.

ಹಾಡಿನ ನಾಟಕದಲ್ಲಿ ಒಂದು ಫಜೀತಿ ಇದೆ. ಗೊತ್ತಿರುವ ಮಟ್ಟು ಬಂದರೆ ಪಕ್ಕದಲ್ಲಿ ಕೂತವರು ಜೊತೆಗೆ ಗುನುಗಲು ಶುರು ಮಾಡುತ್ತಾರೆ. ಸ್ಕೂಲಿನಲ್ಲಿ ಭಾವಗೀತೆ ಸ್ಪರ್ಧೆಗೆ ಹೋಗಿ ಬಂದ ಅಕ್ಕಂದಿರಿಗೆ ಇದು ತಡೆಯುವುದು ಕಷ್ಟ. ನಟರೇ ಚಪ್ಪಾಳೆಗೆ, ಹಾಡಿಗೆ ಕರೆದರೆ ಧಾರಾಳವಾಗಿ ಸೇರಿಕೊಳ್ಳಿ. ಕರೆಯದಿದ್ದರೆ ಆಟೊಗೆ ಉಳಿಸಿಕೊಳ್ಳಿ.

ಮುಗಿದ ಮೇಲೆ ತಂಡದವರ ಪರಿಚಯ ಮಾಡಿಸುತ್ತಾರೆ. ಜನ ಆಗಲೇ ಎದ್ದು ಪಾರ್ಕಿಂಗ್ ಕಡೆ ಓಡುತ್ತಾರೆ. ನೀವು ಕೂತಿರಿ. ಮೇಳದವರಿಗೆ ಚಪ್ಪಾಳೆ ಬೀಳುವುದು ಕಡೆಗೆ.

ಹೆಜ್ಜೆ 7: ಎರಡನೇ ಕಂತು, ಒಂಬತ್ತೂವರೆ ಊಟ

ಈ ಹೊತ್ತಿಗೆ ನನಗೆ ಕಾಣುವ ಒಳ್ಳೆಯ ದಾರಿ ವಿ.ವಿ. ಪುರದ ತಿಂಡಿ ಬೀದಿ. ಸಜ್ಜನ್‌ರಾವ್ ವೃತ್ತದ ಹತ್ತಿರ. ಸಂಜೆ ಹೊತ್ತಿನ ಬೀದಿ ಅದು, ನಾಟಕ ಮುಗಿಸಿ ಬರುವವರಿಗೂ ಒಲೆ ಉರಿಯುತ್ತಿರುತ್ತದೆ. ಕಲಾಕ್ಷೇತ್ರದಿಂದ ತೀರಾ ಹತ್ತಿರ. ಜೆ.ಪಿ. ನಗರದಿಂದಲೂ ರಾತ್ರಿ ಹೊತ್ತು ಆಟೊದಲ್ಲಿ ಬೇಗ ಮುಟ್ಟಬಹುದು.

ಇಲ್ಲಿ ತಿನ್ನುವುದಕ್ಕೆ ಒಂದು ಕ್ರಮ ಇದೆ. ಯಾವುದನ್ನೂ ಎರಡು ತಟ್ಟೆ ತೊಗೋಬೇಡಿ. ಒಂದೇ ತಟ್ಟೆ, ಇಬ್ಬರ ಕೈ. ಚಿಕ್ಕಂದಿನಲ್ಲಿ ಕಿತ್ತಾಡಿಕೊಂಡು ತಿಂದವರಿಗೆ ಇದು ಹೊಸದೇನಲ್ಲ. ಮೊದಲು ಖಾರದ್ದು: ಪಡ್ಡು ಅಥವಾ ಅಕ್ಕಿ ರೊಟ್ಟಿ. ಡಿಸೆಂಬರ್, ಜನವರಿಯಲ್ಲಿ ಹೋದರೆ ಬೇರೆ ಯೋಚನೆಯೇ ಬೇಡ, ಅವರೆಕಾಯಿ ಕಾಲ. ಹಿತಕಿದ ಬೇಳೆ ಹಾಕಿದ ದೋಸೆ ಕೇಳಿ. ಆಮೇಲೆ ಹೋಳಿಗೆ. ಕಾವಲಿ ಮೇಲೆ ಉಬ್ಬಿ ಕಂದು ಚುಕ್ಕೆ ಬಿದ್ದ ಮೇಲೆ, ತುಪ್ಪ ಸವರಿ ಕಾಗದದ ಮೇಲೆ ಮಡಚಿ ಕೊಡುತ್ತಾರೆ. ಕಾಗದ ಬೆರಳಿಗೆ ಸುಡುತ್ತದೆ, ಕೈಯಿಂದ ಕೈಗೆ ದಾಟಿಸುತ್ತಾ ತಿನ್ನಬೇಕು. ಕಾಯಿ ಹೋಳಿಗೆನಾ, ಬೇಳೆ ಹೋಳಿಗೆನಾ ಅನ್ನುವ ಜಗಳ ನಮ್ಮ ಮನೆಯಲ್ಲಿ ಇನ್ನೂ ಬಗೆಹರಿದಿಲ್ಲ, ಹಾಗಾಗಿ ಇದೊಂದು ಮಾತ್ರ ಎರಡು. ಕಡೆಗೆ ಗುಲ್ಕನ್. ಹಣ್ಣು, ಬೆಣ್ಣೆ ಜೊತೆ ಕೊಡುವುದು ಇದೆ, ಐಸ್‌ಕ್ರೀಮ್ ಜೊತೆ ಕೊಡುವುದೂ ಇದೆ.

ನಿಂತು ತಿನ್ನುವುದು ಆಗದು, ಮಂಡಿ ನೋವು, ಕೂತೇ ಉಣ್ಣಬೇಕು ಅನ್ನುವವರಿದ್ದರೆ ಜಯನಗರ 4ನೇ ಬ್ಲಾಕಿನ ಸುತ್ತಮುತ್ತ ರಾತ್ರಿ ಊಟದ ಹೋಟೆಲುಗಳಿವೆ. ಹೊರಡುವ ಮುಂಚೆಯೇ ಫೋನ್ ಮಾಡಿ, "ಕೊನೇ ಆರ್ಡರ್ ಎಷ್ಟು ಗಂಟೆಗೆ?" ಅಂತ ಕೇಳಿ. ಬಾಗಿಲು ಹಾಕುವ ಹೊತ್ತು ಕೇಳಿದರೆ ಪ್ರಯೋಜನ ಇಲ್ಲ. ಅಡುಗೆಯವರು ಅದಕ್ಕಿಂತ ಅರ್ಧ ಗಂಟೆ ಮುಂಚೆಯೇ ಒಲೆ ಆರಿಸಿರುತ್ತಾರೆ. ಮಾಂಸದೂಟ ಬೇಕಾದವರಿಗೂ ಒಂದು ಮಾತು: ಹೆಸರಾದ ಹಳೇ ಮಿಲಿಟರಿ ಹೋಟೆಲುಗಳಲ್ಲಿ ಎಷ್ಟೋ ಬೆಳಗ್ಗೆ, ಮಧ್ಯಾಹ್ನದವು. ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ ರಾತ್ರಿಗೆ ಅಂತ ಕಾದರೆ ಸಿಗುವುದಿಲ್ಲ. ಅದು 3.30ರ ಆಟದ ದಿನಕ್ಕೆ ಸರಿ, ಆದರೆ ಅದನ್ನು ತಿಂದು ನಾಟಕದಲ್ಲಿ ಎಚ್ಚರ ಇರುವುದು ನಿಮ್ಮ ಜವಾಬ್ದಾರಿ.

ಹೆಜ್ಜೆ 8: ದುಡ್ಡು

ಟಿಕೆಟ್ ಒಬ್ಬರದು, ತಿಂಡಿ ಊಟ ಇನ್ನೊಬ್ಬರದು. ಮನೆ ಬಿಡುವ ಮುಂಚೆಯೇ ಹೇಳಿಕೊಂಡುಬಿಡಿ. ಇಲ್ಲದಿದ್ದರೆ ದೊಡ್ಡವಳು ನಾನು ಅಂತ ಅಕ್ಕ ಎಲ್ಲ ಕಡೆಯೂ ಫೋನ್ ಮುಂದೆ ಚಾಚುತ್ತಾಳೆ, ನೀವು ಕೈ ಹಿಡಿದು ಎಳೆಯುತ್ತೀರಿ, ಹೋಳಿಗೆಯವರು ಇಬ್ಬರ ಮುಖ ನೋಡುತ್ತಾ ನಿಂತಿರುತ್ತಾರೆ. ತಮ್ಮ ಇನ್ನೂ ಓದುತ್ತಿದ್ದರೆ ಅವನ ಪಾಲಿಗೆ ಕಾಫಿ, ಗುಲ್ಕನ್ ಬಿಡಿ. ಏನೂ ಕೊಡಿಸದೆ ಇದ್ದರೆ ಅವನಿಗೇ ಸಮಾಧಾನ ಇರುವುದಿಲ್ಲ.

ಹೆಜ್ಜೆ 9: ಹೋಗಿ ಬರುವುದು

ಕಾರು ಬೇಡ. ರಂಗಶಂಕರದ ಸುತ್ತ ಮನೆಗಳ ರಸ್ತೆ, ಗೇಟಿನ ಮುಂದೆ ನಿಲ್ಲಿಸಿದರೆ ಬೈಗುಳ ಖಾಯಂ. ತಿಂಡಿ ಬೀದಿಯಲ್ಲಂತೂ ಜಾಗ ಹುಡುಕುವಷ್ಟರಲ್ಲಿ ಹಸಿವೇ ಸತ್ತಿರುತ್ತದೆ. ಹಸಿರು ಮಾರ್ಗದ ಮೆಟ್ರೋ ಇಡೀ ದಕ್ಷಿಣ ಬೆಂಗಳೂರನ್ನು ಹೊಲಿದಂತೆ ಹೋಗುತ್ತದೆ. ರಂಗಶಂಕರಕ್ಕೆ ಜಯಪ್ರಕಾಶ ನಗರ ನಿಲ್ದಾಣದಲ್ಲಿ ಇಳಿದು ಆಟೊ ಹಿಡಿಯಿರಿ. ತಿಂಡಿ ಬೀದಿ ಮುಗಿಸಿ ವಾಪಸ್ ಹೋಗಲು ನ್ಯಾಷನಲ್ ಕಾಲೇಜು ನಿಲ್ದಾಣ ಹತ್ತಿರ. ಕೊನೇ ರೈಲು 11 ಗಂಟೆ ಸುಮಾರಿಗೆ. ಮೆಜೆಸ್ಟಿಕ್‌ನಲ್ಲಿ ಮಾರ್ಗ ಬದಲಿಸುವವರು 10.30ಕ್ಕೆ ಎದ್ದರೆ ನೆಮ್ಮದಿ. ಅದು ತಪ್ಪಿದರೆ ಕ್ಯಾಬ್ ಒಂದೇ ಗತಿ. ಒಂದೇ ಗಾಡಿ ಬುಕ್ ಮಾಡಿ, ಮೊದಲು ಅಕ್ಕನ ಮನೆ, ಆಮೇಲೆ ನಿಮ್ಮ ಮನೆ. ದೂರ ಸುತ್ತಾದರೂ ಪರವಾಗಿಲ್ಲ, ನಾಟಕದ ಬಗ್ಗೆ ಇಬ್ಬರೂ ನಿಜವಾಗಿ ಏನಂದುಕೊಂಡಿರಿ ಅನ್ನುವುದು ಹೊರಬೀಳುವುದು ಆ ಹಿಂದಿನ ಸೀಟಿನಲ್ಲೇ.

ಮನೆಯಲ್ಲಿ ಉಳಿದವರಿಗೆ ಪಾರ್ಸೆಲ್ ಬೇಕಿದ್ದರೆ ತಿಂಡಿ ಬೀದಿಗೆ ಕಾಲಿಟ್ಟ ತಕ್ಷಣ ಹೋಳಿಗೆಯವರ ಹತ್ತಿರ ಹೇಳಿಬಿಡಿ, ತಿಂದು ಮುಗಿಸಿದ ಮೇಲೆ ಇಸಿದುಕೊಳ್ಳಿ. ಶನಿವಾರ ರಾತ್ರಿ ಹತ್ತು ದಾಟಿದ ಮೇಲೆ ಕೇಳಿದರೆ ಹೂರಣ ಮುಗಿದಿರುತ್ತದೆ. ಎರಡು ಕಾಗದ ಸುತ್ತಿ ಕೊಡಿ ಅನ್ನಿ, ತುಪ್ಪ ಶಾಲಿಗೆ ಹತ್ತಿದರೆ ಹೋಗುವುದಿಲ್ಲ.